ಮುಸುವಗಳ ಹಿಂಡು, ಕಡಜಗಳ ಗೂಡು

ಪ್ರಾಣಿಗಳಿಂದ ನೀತಿಯನ್ನು ಕಲಿಯುವದು ನಮ್ಮ ದೇಶದಲ್ಲಿ ಬಹು ಪುರಾತನವಾದ ಪದ್ಧತಿ. ಸಿಂಹ, ನರಿ, ಕಾಗೆ, ಗೂಗೆ, ಆಮೆ, ಹಂಸ ಇವು ಮಾತನಾಡದ ಬಾಲಪಾಠವು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ನಮ್ಮ ಬೀದರ ಜಿಲ್ಲೆಯ ಕಲ್ಯಾಣದ ಹೆಸರಿನಿಂದ ಪ್ರಸಿದ್ಧರಾದ ಚಾಲುಕ್ಯರಲ್ಲಿ ಜಯಸಿಂಹನೆಂಬ ಅರಸನ ಆಶ್ರಯದಲ್ಲಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಆದುದರಿಂದ ಈ ಬಗೆಯ ಕಥೆಗಳಲ್ಲಿ ನಮ್ಮ ಸೀಮೆಯವರಿಗೆ ಹಳೆಯ ಪಾಲುಂಟು. ನಾವಂತೂ ಹಿತೋಪದೇಶವನ್ನು ಹೇಳಿಕೊಡುತ್ತಲೇ ತಲೆ ನರೆಸಿಕೊಂಡವರು. ಬಲೆಯ ಸಮೇತ ಹಾರಿಹೋದ ಚಿತ್ರಗ್ರೀವನ ಪಾರಿವಾಳಗಳ ಕಥೆಯನ್ನು ಕೇಳಿ ಹಿಗ್ಗದ ಹುಡುಗನನ್ನು ನಾವು ಕಂಡಿಲ್ಲ. ಆ ಕಥೆಗಳನ್ನು ಹಳಿಯುವದು ನಮ್ಮ ಉದ್ದೇಶವಲ್ಲ.

ಆದರೆ ಕಥೆಯ ಪಾರಿವಾಳವು ಗರಿ ತೊಟ್ಟ ಮನುಷ್ಯನೇ ಹೊರತು ಪಾರಿವಾಳವಲ್ಲ. ನಿಜವಾದ ಪಾರಿವಾಳಗಳು, ನಿಜವಾದ ಮಂಗಗಳು, ನಿಜವಾದ ಹುಳುಗಳು ಒಟ್ಟುಗೂಡಿ ಬಾಳುವಾಗ ಏನು ಮಾಡುವವು? ಹಿಂಡಿಗೆ ಒಡೆಯನಾರು? ದುಡಿಯುವವರಾರು, ಉಣ್ಣುವವರಾರು? ತಾಯಿ ಸತ್ತ ಮರಿಯ ಗತಿಯೇನು? ಒಡೆಯನು ಸತ್ತ ಮೇಲೆ ಪಟ್ಟವು ಯಾರಿಗೆ? ಇಂಥ ಪ್ರಶ್ನೆಗಳಿಗೆ ಕಥೆಯಿಂದಲ್ಲ, ಕಣ್ಣಿನಿಂದ ಉತ್ತರವನ್ನು ಹುಡುಕುವ ಶಾಸ್ತ್ರವೊಂದು ಕಳೆದ ನೂರು ವರ್ಷಗಳಲ್ಲಿ ಬೆಳೆದು ಬಂದಿರುವದು. ಜೇನುಹುಳವು ಕುಣಿತದಿಂದ ತನ್ನ ಒಡಹುಟ್ಟಿದವರಿಗೆ ಹೂವಿನ ದಿಕ್ಕು ದೂರಗಳನ್ನು ತಿಳಿಸುವದೆಂದು ತೋರಿಸಿದ ಕಾರ್ಲ್ ಫಾನ್ ಫ್ರಿಶ್, ಹೆಬ್ಬಾತುಗಳನ್ನು ಸಾಕಿ ಅವುಗಳ ನಡತೆಯನ್ನು ಬರೆದಿಟ್ಟ ಕೊನ್ರಾಡ್ ಲೊರೆನ್ಜ್, ಕಡಲಹಕ್ಕಿಗಳ ನಡುವೆ ಕುಳಿತು ನೋಡಿದ ನಿಕೊ ಟಿನ್‌ಬರ್ಗೆನ್ ಈ ಮೂವರಿಗೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ಶಾಸ್ತ್ರದ ಎರಡು ಮುಖ್ಯವಾದ ಅಧ್ಯಾಯಗಳು ನಮ್ಮ ಕನ್ನಡ ನಾಡಿನಲ್ಲಿಯೇ ರಚಿತವಾದವೆಂಬದನ್ನು ನಮ್ಮ ಓದುಗರಲ್ಲಿ ಎಷ್ಟು ಜನರು ಬಲ್ಲರು? ಒಂದು ಧಾರವಾಡದಲ್ಲಿ, ಮತ್ತೊಂದು ಬೆಂಗಳೂರಿನಲ್ಲಿ. ಈ ತಿಂಗಳು ಅವೆರಡನ್ನೂ ಕುರಿತು ಬರೆಯುವೆವು.

ಮೊದಲು ಧಾರವಾಡದ ವೃತ್ತಾಂತ. ಜಪಾನದ ವಿದ್ವಾಂಸರು ಮಂಗಗಳನ್ನು ನೋಡುವಲ್ಲಿ ಒಂದು ಹೊಸ ಕ್ರಮವನ್ನು ತಂದಿದ್ದರು. ಹಿಂಡನ್ನು ಹಿಂಡೆಂದು ಮಾತ್ರ ನೋಡದೆ, ಅದರಲ್ಲಿಯ ಒಂದೊಂದು ಮಂಗನನ್ನೂ ಮೋರೆಯಿಂದ ಗುರುತಿಸಿ, ಹೆಸರಿಟ್ಟು, ವರ್ಷಗಟ್ಟಲೆ ಅದರ ಚರಿತ್ರೆಯನ್ನು ಬರೆಯುವದೇ ಆ ಕ್ರಮ. ಕೊಶಿಮಾ ಎಂಬ ನಡುಗಡ್ಡೆಯಲ್ಲಿ ೧೯೫೩ರಲ್ಲಿ ಇಮೋ ಎಂಬ ಹೆಸರಿನ ಎಳೆಯ ಹೆಣ್ಣು ಮಂಗವು ಮಣ್ಣು ಹತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಅದನ್ನು ನೋಡಿ ಅದರ ಗೆಳೆಯರೂ ತಾಯಿಯೂ ಕಲಿತರು. ಕ್ರಮೇಣ ಅದು ಆ ಹಿಂಡಿನ ಆಚಾರವೇ ಆಯಿತು. ಯಾವ ಮಂಗವು ಮೊದಲು ಮಾಡಿತು, ಯಾವುದು ಆಮೇಲೆ ಕಲಿಯಿತು ಎಂಬದು ತಿಳಿದದ್ದು ಹೆಸರಿಟ್ಟು ನೋಡಿದ್ದರಿಂದಲೇ. ಇದೇ ಕ್ರಮವನ್ನು ಕಲಿತ ಯುಕಿಮಾರು ಸುಗಿಯಾಮಾ ಎಂಬವರು ತಮ್ಮ ಸಂಗಡಿಗರೊಡನೆ ಧಾರವಾಡಕ್ಕೆ ಬಂದು ೧೯೬೧ರಿಂದ ೧೯೬೩ರ ವರೆಗೆ ಅಲ್ಲಿಯ ಮುಸುವಗಳನ್ನು ನೋಡುತ್ತ ಕುಳಿತರು.

ಮುಸುವವೆಂದರೆ ಕಪ್ಪು ಮೋರೆಯ, ನೀಳವಾದ ಬಾಲದ ಮಂಗ. ಹನುಮಂತನ ಕುಲದ್ದೆಂದು ಜನರು ಕೈಮುಗಿಯುವ ಪ್ರಾಣಿ. ಅದರ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಪ್ರಾಯದ ಗಂಡು. ಉಳಿದವು ಹೆಣ್ಣುಗಳೂ ಮರಿಗಳೂ. ಹಿಂಡಿನಲ್ಲಿ ಎಡೆ ದೊರೆಯದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಹೊರಗೆ ಅಲೆಯುವವು. ಇದಕ್ಕೆ ಮುಂಚೆ ೧೯೫೮ರಿಂದ ಉತ್ತರ ಹಾಗೂ ಮಧ್ಯ ಹಿಂದುಸ್ಥಾನಗಳಲ್ಲಿ ಮುಸುವಗಳನ್ನು ನೋಡಿದ ಫಿಲಿಸ್ ಜೇ ಎಂಬ ಅಮೇರಿಕೆಯ ವಿದುಷಿಯು ಇವು ಬಲು ಶಾಂತವಾದ ಪ್ರಾಣಿಗಳೆಂದು ಬರೆದಿದ್ದಳು. ಅದು ಸುಳ್ಳೂ ಅಲ್ಲ. ಹೊಸದಾಗಿ ಹುಟ್ಟಿದ ಮರಿಯನ್ನು ಮುಸುವದ ತಾಯಿಯು ಇತರ ಹೆಣ್ಣುಗಳ ಕೈಗೆ ಕೊಡುವಳು. ಬಾಣಂತಿಯ ಮನೆಗೆ ಬಂದ ನೆರೆಹೊರೆಯವರಂತೆ ಅವು ಮರಿಯನ್ನು ಒಬ್ಬರಿಂದೊಬ್ಬರು ಎತ್ತಿಕೊಂಡು ನೋಡುವವು.

ಆದರೆ ೧೯೬೨ರಲ್ಲಿ ಸುಗಿಯಾಮಾ ಅವರ ಕಣ್ಣೆದುರಿಗೆ ಬೇರೊಂದು ಸಂಗತಿ ನಡೆಯಿತು. ಹೊರಗಣ ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಬಿದ್ದು ಹಳೆಯ ಒಡೆಯನನ್ನು ಓಡಿಸಿತು. ಬಂದವರಲ್ಲಿ ಒಂದು ಗಂಡು ಮಾತ್ರ ಉಳಿದು ತನ್ನ ಜೊತೆಗಾರರನ್ನೂ ಹೊರದೂಡಿತು. ಅನಂತರ ಹಿಂಡಿನ ಎಳೆಯ ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಕೆಲವು ದಿನಗಳಲ್ಲಿಯೇ ಹೊಸ ಗಂಡನ್ನು ಕೂಡಿದವು. ಇದು ಆಕಸ್ಮಿಕವೋ ಎಂಬ ಸಂದೇಹದಿಂದ ಅವರು ಇನ್ನೊಂದು ಹಿಂಡಿನ ಗಂಡನ್ನು ಹಿಡಿದು ಬೇರ್ಪಡಿಸಿ ನೋಡಿದರು. ನೆರೆಯ ಹಿಂಡಿನ ಗಂಡು ಅಲ್ಲಿಗೆ ಬಂದಿತು. ಅಲ್ಲಿಯೂ ಮರಿಗಳು ಸತ್ತವು.

ಈ ವರದಿಯು ಪ್ರಕಟವಾದಾಗ ಬಹು ಜನ ವಿದ್ವಾಂಸರು ನಂಬಲಿಲ್ಲ. ಊರಿನ ಹತ್ತಿರ ಇಕ್ಕಟ್ಟಿನಲ್ಲಿ ಬಾಳಿ ಆ ಮಂಗಗಳ ಬುದ್ಧಿ ಕೆಟ್ಟಿರಬೇಕೆಂದು ಕೆಲವರು ಹೇಳಿದರು. ೧೯೭೧ರಿಂದ ರಾಜಸ್ಥಾನದ ಅಬೂ ಪರ್ವತದಲ್ಲಿ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಎಂಬವಳು ಬೇರೊಂದು ಕಾರಣವನ್ನು ಮುಂದಿಟ್ಟಳು. ಮೊಲೆಯೂಡಿಸುವ ತಾಯಿಯು ಬೇಗನೆ ಮತ್ತೆ ಬಸುರಾಗುವದಿಲ್ಲ. ಗಂಡಿನ ಒಡೆತನವಾದರೋ ಸಾಮಾನ್ಯವಾಗಿ ಎರಡು ಮೂರು ವರ್ಷಗಳದು. ಪರರ ಮರಿಯು ಇಲ್ಲವಾದರೆ ತನ್ನ ಮರಿಯು ಬೇಗ ಹುಟ್ಟುವದು. ಹೀಗೆ ನಡೆದ ಗಂಡುಗಳ ಸಂತತಿಯೇ ಹೆಚ್ಚಿ ಆ ನಡತೆಯು ಕುಲದಲ್ಲಿ ಉಳಿದು ಬಂದಿತೆಂಬದು ಅವಳ ವಾದ. ಹಾಗಿದ್ದರೆ ಕೊಲ್ಲುವ ಗಂಡು ಕೊಲ್ಲಲ್ಪಟ್ಟ ಮರಿಯ ತಂದೆಯಾಗಿರಕೂಡದಷ್ಟೆ. ನೇಪಾಳದ ರಾಮನಗರದಲ್ಲಿ ನಡೆದ ಶೋಧದಲ್ಲಿ ಜೀವಕಣಗಳ ಡಿ.ಎನ್.ಎ. ಪರೀಕ್ಷೆಯಿಂದ ಇದನ್ನೇ ನೋಡಿದರು. ೧೯೯೯ರಲ್ಲಿ ಪ್ರಕಟವಾದ ಆ ಶೋಧದಲ್ಲಿ ಮರಿಗಳ ಮೇಲೆ ಬಿದ್ದ ಗಂಡುಗಳಾವುವೂ ಅವುಗಳ ತಂದೆಯಾಗಿರಲಿಲ್ಲ. ತಾಯಂದಿರು ಸುಮ್ಮನೆ ನೋಡುತ್ತ ಕೂಡ್ರುವದಿಲ್ಲವೆಂಬದನ್ನೂ ಹರ್ಡಿಯು ಬರೆದಿರುವಳು. ಮುದಿ ಹೆಣ್ಣುಗಳು ಸಹ ಮುನ್ನುಗ್ಗಿ ಪರರ ಮರಿಗಳಿಗಾಗಿ ಗಂಡಿನೊಡನೆ ಸೆಣಸುವವು.

ಈ ವೃತ್ತಾಂತವನ್ನು ಓದಿದವರು ಎರಡು ಬಗೆಯಲ್ಲಿ ದಾರಿ ತಪ್ಪಬಹುದು. ಭಕ್ತಿಯುಳ್ಳವರು, ಹನುಮಂತನ ಕುಲವು ಇಂಥ ಕೃತ್ಯವನ್ನು ಮಾಡೀತೇ ಎಂದು ಕಣ್ಣು ಮುಚ್ಚಿಕೊಳ್ಳಬಹುದು. ಇದಕ್ಕಿಂತ ಕೆಟ್ಟದ್ದು ಎರಡನೆಯ ಬಗೆ. ಬಲವಂತನು ಗೆಲ್ಲುವದು, ಪರರ ಮಕ್ಕಳನ್ನು ತಳ್ಳುವದು ಸೃಷ್ಟಿಯ ನಿಯಮವೇ ಆಗಿರುವಾಗ ಮನುಷ್ಯನನ್ನು ಹಳಿಯುವದೇಕೆಂದು ಕೆಲವರು ಜಾಣತನದ ಮಾತಾಡಬಹುದು. ಎರಡನೆಯ ಸಂಬಂಧದ ಮನೆಯಲ್ಲಿ ಮೊದಲನೆಯ ಹೆಂಡತಿಯ ಮಕ್ಕಳು ಹೊಟ್ಟೆಗಿಲ್ಲದೆ ಶಾಲೆಗೆ ಬಂದದ್ದನ್ನು ನಾವು ಕಂಡಿರುವೆವು. ಅಂಥ ತಂದೆಗೆ ಮುಸುವದ ದೃಷ್ಟಾಂತವನ್ನು ಕೊಟ್ಟು ಸಮಾಧಾನ ಹೇಳಲಿಕ್ಕೆ ಈ ಶಾಸ್ತ್ರವು ಹುಟ್ಟಿಲ್ಲ.

ವ್ಯಾಕರಣವನ್ನು ಓದಿದವರಿಗೆ ಈ ಭೇದವನ್ನು ತಿಳಿಸುವದು ಸುಲಭ. ಸಂಸ್ಕೃತದಲ್ಲಿ ಈಗ ನಡೆಯುವದನ್ನು ಹೇಳುವಾಗ ಲಟ್ ಎಂಬ ರೂಪ, ನಡೆಯತಕ್ಕದ್ದನ್ನು ಹೇಳುವಾಗ ವಿಧಿಲಿಙ್ ಎಂಬ ರೂಪ. ‘ಮಾಡುತ್ತಾನೆ’ ಎಂಬದು ಒಂದು, ‘ಮಾಡಬೇಕು’ ಎಂಬದು ಮತ್ತೊಂದು. ಪ್ರಾಣಿಗಳ ಶಾಸ್ತ್ರವು ಯಾವಾಗಲೂ ಲಟ್ಟಿನಲ್ಲಿಯೇ ಮಾತಾಡುವದು. ವಿಧಿಲಿಙ್ ಅದರ ಬಾಯಲ್ಲಿ ಬರುವದಿಲ್ಲ. ನಮ್ಮ ಪೂರ್ವಿಕರು ಸಹ ಮತ್ಸ್ಯನ್ಯಾಯವೆಂಬ ಮಾತನ್ನು ಆಡಿದ್ದು ದೊಡ್ಡ ಮೀನು ಸಣ್ಣ ಮೀನನ್ನು ನುಂಗಲೆಂದಲ್ಲ. ಮನುಷ್ಯರಲ್ಲಿ ಹಾಗಾಗದಿರಲು ಅರಸನು ಬೇಕೆಂದು.

ಇನ್ನು ಬೆಂಗಳೂರಿನ ಸಂಗತಿ. ಇಲ್ಲಿಯ ಪಾತ್ರಧಾರಿಯು ಎಲ್ಲರ ಮನೆಯ ಸೂರಿನಲ್ಲಿ ಇರುವಂಥದು: ಕಡಜ. ಕೆಲವರು ಕಣಜವೆನ್ನುವರು, ಜೋಳ ತುಂಬುವ ಕಣಜವು ಬೇರೆ. ಸಂಸ್ಕೃತದಲ್ಲಿ ಇದಕ್ಕೆ ವರಟಾ ಎಂದು ಹೆಸರು. ಇದರ ಒಂದು ಜಾತಿಯು ನಮ್ಮ ವೇದಾಂತದಲ್ಲಿಯೂ ಸೇರಿಕೊಂಡಿರುವದು. ಮಣ್ಣಿನ ಗೂಡು ಕಟ್ಟುವ ಒಂಟಿ ಕಡಜವು ಹುಳವನ್ನು ತಂದು ಮುಚ್ಚಿಡಲು, ಹುಳವು ಅದನ್ನೇ ಧ್ಯಾನಿಸಿ ಅದರ ರೂಪವನ್ನೇ ಪಡೆದು ಹೊರಬರುವದೆಂದು ಹಿಂದಿನವರು ತಿಳಿದಿದ್ದರು. ಇದೇ ಭ್ರಮರಕೀಟನ್ಯಾಯ. ಧ್ಯಾನದ ಮಹಿಮೆಯನ್ನು ತಿಳಿಸಲಿಕ್ಕೆ ಆ ದೃಷ್ಟಾಂತವು ಇಂದಿಗೂ ಸೊಗಸಾಗಿರುವದು. ಆದರೆ ಗೂಡನ್ನು ಒಡೆದು ನೋಡಿದವರಿಗೆ ಕಂಡದ್ದು ಬೇರೆ. ಕಡಜವು ಹುಳವನ್ನು ಚುಚ್ಚಿ ಚಲನವಿಲ್ಲದಂತೆ ಮಾಡಿ, ಅದರೊಡನೆ ತನ್ನ ಮೊಟ್ಟೆಯನ್ನಿಡುವದು. ಮೊಟ್ಟೆಯಿಂದ ಬಂದ ಮರಿಯು ಆ ಹುಳವನ್ನು ತಿಂದು ಬೆಳೆದು ಹೊರಬರುವದು. ಹೊರಗಿನಿಂದ ನೋಡಿ ಊಹಿಸುವದಕ್ಕೂ ಒಳಹೊಕ್ಕು ನೋಡುವದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾವುದು ತಿಳಿಸೀತು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಎಂಬ ಪ್ರಾಧ್ಯಾಪಕರೂ ಅವರ ಶಿಷ್ಯರೂ ನಾಲ್ವತ್ತು ವರ್ಷಗಳಿಗೂ ಮಿಕ್ಕಿ ನೋಡಿದ್ದು ಈ ಒಂಟಿ ಕಡಜವನ್ನಲ್ಲ, ಒಟ್ಟಾಗಿ ಬಾಳುವ ಜಾತಿಯನ್ನು. ಶಾಸ್ತ್ರದಲ್ಲಿ ಅದಕ್ಕೆ ರೋಪಾಲಿಡಿಯಾ ಮಾರ್ಜಿನಾಟಾ ಎಂದು ಹೆಸರು. ಗಿಡಗಳ ನಾರನ್ನು ಕೆರೆದು, ಜೊಲ್ಲಿನಲ್ಲಿ ಅಗಿದು, ಕಾಗದದಂಥ ವಸ್ತುವಿನಿಂದ ಕಿಟಕಿಯ ಮೂಲೆ, ಗೋಡೆಯ ಸಂದುಗಳಲ್ಲಿ ಆರು ಮೂಲೆಯ ಮನೆಗಳುಳ್ಳ ಗೂಡನ್ನು ಇದು ಕಟ್ಟುವದು. ಇವರು ಒಂದೊಂದು ಕಡಜಕ್ಕೂ ಬಣ್ಣದ ಚುಕ್ಕೆಗಳನ್ನಿಟ್ಟು ಗುರುತು ಮಾಡಿ, ಯಾರು ಯಾವಾಗ ಏನು ಮಾಡಿದರೆಂಬದನ್ನು ಬರೆದುಕೊಂಡರು. ಆ ಲೆಕ್ಕದಿಂದ ೧೯೮೩ರಲ್ಲಿ ತಿಳಿದುಬಂದದ್ದೇನೆಂದರೆ ಗೂಡಿನಲ್ಲಿ ಮೂರು ಬಗೆಯವರಿರುವರು: ಕೂತಿರುವವರು, ಜಗಳವಾಡುವವರು, ಹೊರಗೆ ಹೋಗಿ ಆಹಾರ ತರುವವರು. ಮೊಟ್ಟೆಯಿಡುವ ರಾಣಿಯು ಒಬ್ಬಳೇ. ಅವಳು ಜಗಳಗಂಟಿಯಾಗಿರಬೇಕೆಂದು ಎಲ್ಲರೂ ಊಹಿಸಿದ್ದರು. ನೋಡಿದರೆ ಅವಳಿದ್ದದ್ದು ಕೂತಿರುವವರ ಪಂಕ್ತಿಯಲ್ಲಿ!

ಇದು ಸಣ್ಣ ಮಾತಲ್ಲ. ಜೇನಿನ ರಾಣಿಯು ಮೈಯಲ್ಲಿಯೇ ದೊಡ್ಡವಳು. ಈ ಕಡಜದ ರಾಣಿಗೂ ದಾಸಿಗೂ ಆಕಾರದಲ್ಲಿ ಭೇದವಿಲ್ಲ. ಯಾವ ದಾಸಿಯೂ ರಾಣಿಯಾಗಬಲ್ಲಳು. ಹಾಗಿದ್ದೂ ರಾಣಿಯು ಯಾರನ್ನೂ ಹೊಡೆಯದೆ, ಕಚ್ಚದೆ, ಉಳಿದವರೆಲ್ಲ ಮೊಟ್ಟೆಯಿಡದಂತೆ ಹೇಗೆ ಇರುವಳು? ಅವಳ ಹೊಟ್ಟೆಯ ತುದಿಯಲ್ಲಿರುವ ಒಂದು ಗ್ರಂಥಿಯಿಂದ ಹೊರಡುವ ದ್ರವ್ಯವೇ ಇದಕ್ಕೆ ಕಾರಣ. ಗೂಡಿನ ಮೇಲೆ ಹೊಟ್ಟೆಯನ್ನು ಉಜ್ಜುತ್ತ ಹೋಗುವಾಗ ಆ ದ್ರವ್ಯವು ಗೂಡಿಗೆ ಹತ್ತುವದು; ದಾಸಿಯರು ಅದರಿಂದ ರಾಣಿಯಿದ್ದಾಳೆಂದು ಅರಿಯುವರು. ಆಹಾರ ತರುವ ಕೆಲಸವನ್ನಾದರೂ ರಾಣಿಯು ನಡೆಸುವದಿಲ್ಲ. ದಾಸಿಯರು ತಮ್ಮತಮ್ಮೊಳಗೆಯೇ ಒಬ್ಬರನ್ನೊಬ್ಬರು ಕೆಣಕಿ ಕೆಲಸಕ್ಕೆ ಹಚ್ಚುವರು. ಗೂಡಿನಲ್ಲಿ ಹಸಿವು ಹೆಚ್ಚಿದಷ್ಟು ಕೆಣಕುವದೂ ಹೆಚ್ಚು.

ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ದಾಸಿಯರಲ್ಲೊಬ್ಬಳು ಉಗ್ರಳಾಗಿ ಎಲ್ಲರ ಮೇಲೂ ಬೀಳತೊಡಗುವಳು. ರಾಣಿಯನ್ನು ಮರಳಿ ಬಿಟ್ಟರೆ ಅವಳು ತಣ್ಣಗಾಗಿ ಮತ್ತೆ ದಾಸಿಯಾಗುವಳು. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಡಲಾರಂಭಿಸಿ, ಹಿಂದಿನ ರಾಣಿಯಂತೆಯೇ ಸೌಮ್ಯಳಾಗುವಳು. ಇವಳೇ ಮುಂದಿನ ರಾಣಿಯೆಂದು ಮೊದಲೇ ಹೇಳಲು ಸಾಧ್ಯವೇ? ಗಾತ್ರ, ಜಗಳದಲ್ಲಿಯ ಮೇಲುಗೈ, ದುಡಿಮೆ ಇವೆಲ್ಲವನ್ನೂ ಅಳೆದು ನೋಡಿದರೂ ಶಾಸ್ತ್ರಜ್ಞರಿಗೆ ಯುವರಾಣಿಯ ಗುರುತು ಹತ್ತಲಿಲ್ಲ. ಹಾಗಾದರೆ ಕಡಜಗಳಿಗಾದರೂ ಅದು ಗೊತ್ತಿರುವದೋ? ೨೦೦೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗೂಡನ್ನು ಎರಡು ಭಾಗ ಮಾಡಿ ನಡುವೆ ತಂತಿಯ ಜಾಲರಿಯನ್ನಿಟ್ಟು, ರಾಣಿಯನ್ನು ಒಂದು ಭಾಗದಿಂದ ಮತ್ತೊಂದಕ್ಕೆ ಸಾಗಿಸಿ ನೋಡಿದರು. ನಿಜವಾದ ಉತ್ತರಾಧಿಕಾರಿಣಿಯು ಮುಂದೆ ಬಂದಾಗ ಎರಡೂ ಭಾಗದವರು ಅವಳನ್ನು ಒಪ್ಪಿಕೊಂಡರು. ಅವಳನ್ನು ಯಾರೂ ಎದುರಿಸಲಿಲ್ಲ. ಮನುಷ್ಯನಿಗೆ ತಿಳಿಯದ ಯುವರಾಣಿಯನ್ನು ಕಡಜಗಳು ಬಲ್ಲವೆಂಬದು ಇದರಿಂದ ಸ್ಪಷ್ಟವಾಯಿತು. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಶೋಧದಲ್ಲಿ ಒಬ್ಬಳಾದ ಮೇಲೊಬ್ಬಳಂತೆ ರಾಣಿಯರನ್ನು ತೆಗೆಯುತ್ತ ಹೋದರು. ಪ್ರತಿ ಸಲವೂ ಒಬ್ಬಳೇ ಮುಂದೆ ಬಂದಳು, ಪಟ್ಟಕ್ಕಾಗಿ ಕಾಳಗವಾಗಲಿಲ್ಲ. ತಂದೆಯು ಕಣ್ಣು ಮುಚ್ಚುವ ಮೊದಲೇ ಹೊಲದ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಅಣ್ಣತಮ್ಮಂದಿರನ್ನು ಬಲ್ಲ ನಮಗೆ ಇದು ಆಶ್ಚರ್ಯವೆನಿಸದೆ ಇರದು.

ಇನ್ನು ಮುಖ್ಯವಾದ ಪ್ರಶ್ನೆ: ತಾನೇ ಗೂಡು ಕಟ್ಟಿ ಮೊಟ್ಟೆಯಿಡಬಲ್ಲ ದಾಸಿಯು ಪರರ ಮರಿಗಳಿಗಾಗಿ ಏಕೆ ದುಡಿಯುವಳು? ಇಂಗ್ಲಂಡದ ಹ್ಯಾಮಿಲ್ಟನ್ ಎಂಬವನು ೧೯೬೪ರಲ್ಲಿ ಒಂದು ಉತ್ತರವನ್ನು ಕೊಟ್ಟನು: ರಕ್ತಸಂಬಂಧಿಗಳು ಬೆಳೆದರೆ ತನ್ನ ವಂಶದ ಅಂಶವೇ ಬೆಳೆದಂತಾಗುವದು. ಈ ಉತ್ತರವು ಬಹಳ ಮಟ್ಟಿಗೆ ಸರಿ. ಆದರೆ ಬೆಂಗಳೂರಿನ ಗೂಡುಗಳಲ್ಲಿ ರಾಣಿಯು ಹಲವು ಗಂಡುಗಳನ್ನು ಕೂಡುವಳು, ರಾಣಿಯರೂ ಬದಲಾಗುತ್ತಿರುವರು. ಆದಕಾರಣ ಗೂಡಿನವರೆಲ್ಲ ಹತ್ತಿರದ ಬಂಧುಗಳಾಗಿರುವದಿಲ್ಲ. ಬಂಧುಗಳಲ್ಲದವರು ಕೂಡಿ ಗೂಡು ಹೂಡುವದೂ ಉಂಟು. ಗದಗ್‌ಕರ್ ಅವರು ೧೯೯೦ರಲ್ಲಿ ಬೇರೊಂದು ಕಾರಣವನ್ನು ಇದಕ್ಕೆ ಸೇರಿಸಿದರು. ಮೊಟ್ಟೆಯು ಬೆಳೆದು ರೆಕ್ಕೆ ಬರಲು ಸುಮಾರು ಎರಡು ತಿಂಗಳು ಬೇಕು. ದಾಸಿಯ ಸರಾಸರಿ ಆಯುಷ್ಯವು ಅದಕ್ಕಿಂತ ಕಡಿಮೆ. ಒಂಟಿಯಾಗಿ ಗೂಡು ಹೂಡಿದವಳು ನಡುವೆ ಸತ್ತರೆ ಮರಿಗಳೆಲ್ಲ ಸಾಯುವವು. ಅವಳ ಶ್ರಮವೆಲ್ಲ ನೀರುಪಾಲು. ತುಂಬಿದ ಗೂಡಿನಲ್ಲಿ ದುಡಿದು ಸತ್ತವಳ ಅರ್ಧ ಕೆಲಸವನ್ನು ಉಳಿದವರು ಪೂರೈಸುವರು. ಅಲ್ಪಾಯುಷಿಯ ದುಡಿಮೆಯೂ ಅಲ್ಲಿ ವ್ಯರ್ಥವಾಗದು.

ಇದನ್ನು ಓದಿ ಕೆಲವರು, ‘ನೋಡಿರಿ, ಅವಿಭಕ್ತ ಕುಟುಂಬದ ಮಹಿಮೆ!’ ಎಂದು ಹೇಳಬಹುದು. ಹಾಗೆ ಹೇಳುವ ಆಶೆಯು ನಮಗೂ ಇರುವದು. ಆದರೆ ಮುಸುವದಿಂದ ಮಲತಂದೆಗೆ ಕ್ಷಮೆ ದೊರೆಯಕೂಡದೆಂದ ಮೇಲೆ ಕಡಜದಿಂದ ಸೊಸೆಗೆ ಉಪದೇಶವು ದೊರೆಯಬಹುದೇ? ನಮ್ಮ ಮನಸ್ಸಿಗೆ ಒಪ್ಪುವದನ್ನು ಸೃಷ್ಟಿಯ ವಿಧಿಯೆಂದು ಹಿಡಿದು, ಒಪ್ಪದ್ದನ್ನು ಪಶುಧರ್ಮವೆಂದು ಬಿಡುವದು ನ್ಯಾಯವಲ್ಲ. ಅದೇ ಕಡಜವು ಪರಗೂಡಿನ ಪ್ರೌಢ ಕಡಜಗಳನ್ನು ಹೊಡೆದಟ್ಟುವದು. ಅದನ್ನೂ ನಾವು ಕಲಿಯಬೇಕೇ? ಮನೆಯವರು ಕೂಡಿ ಬಾಳಬೇಕೆಂಬದಕ್ಕೆ ಕಾರಣಗಳು ಮನುಷ್ಯರಲ್ಲಿಯೇ ಇರುವವು: ಮುದುಕರ ಆರೈಕೆ, ಮಕ್ಕಳ ಪಾಲನೆ, ಕಷ್ಟಕಾಲದ ಆಸರೆ. ಅವುಗಳನ್ನು ನಾವು ಮಾತಾಡಿಯೇ ತೀರ್ಮಾನಿಸಬೇಕು; ಸೂರಿನಲ್ಲಿರುವ ಹುಳವನ್ನು ಸಾಕ್ಷಿಗೆ ಕರೆಯಬಾರದು.

ಹಾಗಾದರೆ ಈ ಶಾಸ್ತ್ರದಿಂದ ಗೃಹಸ್ಥರಿಗೆ ಬರುವ ಲಾಭವೇನು? ನೋಡುವ ಅಭ್ಯಾಸವೇ ಅದರ ಲಾಭ. ದೊಡ್ಡ ಯಂತ್ರಗಳಿಲ್ಲದೆ, ಒಂದು ವಹಿ, ಒಂದು ಲೇಖಣಿ, ತಾಳ್ಮೆ ಇಷ್ಟರಿಂದ ಆರಂಭವಾಗುವ ಶಾಸ್ತ್ರಗಳು ಹೆಚ್ಚಿಲ್ಲ. ಬೀದರ, ಭಾಲ್ಕಿ, ಔರಾದಗಳ ಹುಡುಗರಿಗೆ ಇದು ಬೆಂಗಳೂರಿನವರಿಗಿರುವಷ್ಟೇ ಹತ್ತಿರ. ಅಂಗಳದ ಗುಬ್ಬಿ, ಕೊಟ್ಟಿಗೆಯ ದನ, ಸಾಲಾಗಿ ಹೋಗುವ ಇರುವೆ ಯಾವುದಾದರೂ ಆದೀತು. ಒಂದೇ ಪ್ರಾಣಿಯನ್ನು ಗುರುತು ಹಿಡಿದು, ದಿನವೂ ಅದೇ ಹೊತ್ತಿಗೆ ಕಾಲು ಗಂಟೆ ನೋಡಿ, ತಾರೀಖು ವೇಳೆಗಳೊಡನೆ ಕಂಡದ್ದನ್ನು ಬರೆಯಲಿ. ‘ಕಪ್ಪು ಆಕಳು ಕೆಂದಾಕಳನ್ನು ಗೋದಲಿಯಿಂದ ಮೂರು ಸಲ ಸರಿಸಿತು’ ಎಂದು ಬರೆಯಲಿ. ‘ಕಪ್ಪು ಆಕಳಿಗೆ ಸೊಕ್ಕು’ ಎಂದು ಬರೆಯದಿರಲಿ. ಮೊದಲನೆಯದು ಕಂಡದ್ದು, ಎರಡನೆಯದು ಕಟ್ಟಿದ್ದು. ಒಂದು ತಿಂಗಳು ಹೀಗೆ ಬರೆದ ಹುಡುಗನು ನೆರೆಮನೆಯವರ ವಿಷಯದಲ್ಲಿಯೂ ಮಾತನ್ನು ತೂಗಿ ಆಡುವನೆಂದು ನಮ್ಮ ನಂಬಿಕೆ.

ಗೃಹಿಣಿಯರಿಗೂ ಒಂದು ಮಾತು. ದಸರೆಯ ಹೊತ್ತಿಗೆ ಸಾರಿಸಿ ಸುಣ್ಣ ಹಚ್ಚುವಾಗ ಕಡಜದ ಗೂಡು ಕಂಡ ಕೂಡಲೆ ಬೆಂಕಿಯ ಪಂಜನ್ನು ಹಿಡಿಯುವದು ಸಾಮಾನ್ಯ. ಬಾಗಿಲ ನೆತ್ತಿಯಲ್ಲಿಯೋ ಮಕ್ಕಳು ಮಲಗುವಲ್ಲಿಯೋ ಇದ್ದರೆ ತಿಳಿದವರಿಂದ ತೆಗೆಸತಕ್ಕದ್ದು; ಕಡಿತದಿಂದ ಮೈ ಬಾತು ಉಸಿರು ಕಟ್ಟುವವರನ್ನು ತಡವಿಲ್ಲದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಆದರೆ ಯಾರ ಕೈಗೂ ಎಟುಕದ ಹಿತ್ತಲಿನ ಮೂಲೆಯಲ್ಲಿದ್ದರೆ ಅದು ಅಲ್ಲಿಯೇ ಇರಲಿ. ಕೆಣಕದ ಹೊರತು ಅದು ಚುಚ್ಚುವದು ಅಪರೂಪ; ತನ್ನ ಮರಿಗಳಿಗಾಗಿ ಅದು ಹಿಡಿದು ತರುವದು ಗಿಡ ತಿನ್ನುವ ಹುಳಗಳನ್ನು. ಹತ್ತು ಹೆಜ್ಜೆ ದೂರದಲ್ಲಿ ಮಣೆ ಹಾಕಿಕೊಂಡು ಕುಳಿತು ಯಾರು ಹೊರಗೆ ಹೋದರು, ಯಾರು ಬಂದರು, ಯಾರು ಕೂತೇ ಇರುವರೆಂದು ಎಣಿಸಿ ನೋಡಿರಿ. ಎಲ್ಲರಿಗಿಂತ ಸುಮ್ಮನೆ ಕೂತವಳು ರಾಣಿಯಾಗಿದ್ದರೂ ಇರಬಹುದು. ಅವಳ ನಂತರದವಳು ಯಾರೆಂಬದನ್ನು ಮಾತ್ರ ಕಡಜಗಳೇ ಬಲ್ಲವು.